ಕಾಠ್ಮಂಡುವಿನ ನಕ್ಷೆ ಬರೆದ ವಿದ್ಯಾರ್ಥಿಗಳು ಮತ್ತು ನಮ್ಮ ಶಾಸನಗಳ ವಿಳಾಸ

ಶಾಸನ ಹುಡುಕಿಕೊಂಡು ಹೋಗುವವರಿಗೆಲ್ಲ ಅನುಭವಕ್ಕೆ ಬಂದಿರುವ ಒಂದು ಕಷ್ಟವಿದೆ. ಪಾಠ ಸಿಗುತ್ತದೆ, ಕಲ್ಲು ಸಿಗುವುದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯ ಸಂಪುಟ, 1905ರಲ್ಲಿ ಬಂತು. ಅದರಲ್ಲಿ ಪ್ರತಿ ಶಾಸನಕ್ಕೂ ಒಂದು ವಿಳಾಸವಿದೆ. ಇಂಥ ಊರು, ಕೆರೆಯ ಹತ್ತಿರ, ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಎಂಬ ರೀತಿಯದು. ಬಿ. ಎಲ್. ರೈಸ್ ಮತ್ತು ಅವರ ಸಹಾಯಕರು ಬರೆದುಕೊಂಡ ಕಾಲಕ್ಕೆ ಅಷ್ಟು ಸಾಕಿತ್ತು. ಊರಿನಲ್ಲಿ ಯಾರನ್ನು ಕೇಳಿದರೂ ಕಲ್ಲಿನ ಬುಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಈಗ ಹೊಲ ಲೇಔಟ್ ಆಗಿದೆ, ಕೆರೆ ಏರಿಯ ಮೇಲೆ ಡಾಂಬರು ಬಿದ್ದಿದೆ, ಹೊಲದ ಯಜಮಾನನ ಹೆಸರು ಕೇಳಿದರೆ ಎದುರಿನ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಬೇಗೂರಿನ ‘ಬೆಂಗಳೂರು ಕಾಳಗ’ದ ವೀರಗಲ್ಲಿಗೆ ನಾಗೇಶ್ವರನ ಗುಡಿಯ ಆಸರೆ ಇತ್ತು, ಉಳಿಯಿತು. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ಕಲ್ಲುಗಳಿಗೆ ಅಂಥ ಅದೃಷ್ಟ ಇರಲಿಲ್ಲ.

ಕೆಲವು ಓದುಗರು ಕೇಳಿದ್ದರು: ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಭೂಕಂಪ ಆದ ದೇಶಗಳ ನಕ್ಷೆ ಮಾಡಿಸುತ್ತಾರಲ್ಲ, ಅದೇ ಥರ ನಮ್ಮ ಶಾಸನಗಳನ್ನೂ ನಕ್ಷೆಗೆ ಏರಿಸಬಹುದಾ ಅಂತ. ಏರಿಸಬಹುದು. ಆದರೆ ಅದರಲ್ಲಿ ಕುರ್ಚಿಯಲ್ಲಿ ಕೂತು ಆಗುವ ಕೆಲಸ ಎಷ್ಟು, ಆಗದೇ ಇರುವುದು ಎಷ್ಟು ಅನ್ನೋದು ಮೊದಲು ತಿಳಿದಿರಬೇಕು. ಅದನ್ನು ತಿಳಿಯಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕಾಠ್ಮಂಡು. ಹಾಗಾಗಿ ಈ ಬರಹದ ಬಹುಪಾಲು ನೇಪಾಳದಲ್ಲೇ ನಡೆಯುತ್ತದೆ, ಕೊನೆಗೆ ನಮ್ಮೂರಿಗೆ ಬರೋಣ.

ಈ ನಕ್ಷೆಯ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ಅಲ್ಲಿನ ಸರ್ಕಾರಿ ನಕ್ಷೆಗಳ ದತ್ತಾಂಶ ದುಬಾರಿಯಾಗಿತ್ತು, ಬಳಸಲು ನೂರೆಂಟು ನಿರ್ಬಂಧಗಳಿದ್ದವು. ಹಾಗಾದರೆ ನಾವೇ ನಡೆದಾಡಿ ನಕ್ಷೆ ಮಾಡೋಣ ಅಂತ ಹೊರಟರು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು. ಗೂಗಲ್ ನಕ್ಷೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಇಷ್ಟೇ: ಗೂಗಲ್ಲಿನದನ್ನು ನಾವು ನೋಡಬಹುದು, ಆದರೆ ಅದರ ಒಳಗಿನ ದತ್ತಾಂಶವನ್ನು ತೆಗೆದುಕೊಂಡು ಹೋಗುವ ಹಾಗಿಲ್ಲ. ಇಲ್ಲಿ ಇಡೀ ದತ್ತಾಂಶವನ್ನೇ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಮ್ಮ ಸಂಶೋಧನೆಗೆ ಬಳಸಬಹುದು. ಮೂಲವನ್ನು ಹೆಸರಿಸಬೇಕು, ಅದರ ಮೇಲೆ ಕಟ್ಟಿದ ದತ್ತಾಂಶವನ್ನು ಹಂಚುವುದಾದರೆ ಅಷ್ಟೇ ಮುಕ್ತವಾಗಿ ಹಂಚಬೇಕು.

ಶಾಸನ ಓದುವವರಿಗೆ ಇಷ್ಟವಾಗುವ ಇನ್ನೊಂದು ಗುಣ ಇದಕ್ಕಿದೆ. ನಕ್ಷೆಯ ಮೇಲಿನ ಪ್ರತಿ ಬಿಂದುವಿಗೂ ಪ್ರತಿ ಗೆರೆಗೂ ಒಂದು ಇತಿಹಾಸವಿರುತ್ತದೆ: ಯಾವ ಬಳಕೆದಾರ ಹಾಕಿದ, ಯಾವ ದಿನ, ಆಮೇಲೆ ಯಾರು ಏನನ್ನು ಬದಲಿಸಿದರು ಎಂದು. ಅಳಿಸಿದ್ದು ಕೂಡ ಹಳೆಯ ಆವೃತ್ತಿಯಲ್ಲಿ ಉಳಿದಿರುತ್ತದೆ. ಹಳೆಯ ದಾನಶಾಸನದ ಕೆಳಗೆ ಬೇರೆ ಕಾಲದ ಬೇರೆ ಕೈ ನಾಲ್ಕು ಸಾಲು ಸೇರಿಸಿರುವುದನ್ನು ನಾವು ಲಿಪಿ ನೋಡಿ ಪತ್ತೆ ಮಾಡಬೇಕು. ಇಲ್ಲಿ ಸೇರಿಸಿದವನ ಗುರುತು, ತಾರೀಖು ಸಮೇತ ಸಿಕ್ಕಿಬಿಡುತ್ತದೆ!

ಇದನ್ನು ವಿಪತ್ತಿನ ಕೆಲಸಕ್ಕೆ ಬಳಸಬಹುದು ಎಂದು ಜಗತ್ತಿಗೆ ಗೊತ್ತಾದದ್ದು 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ. ರಾಜಧಾನಿ ಪೋರ್ತೊ ಪ್ರಿನ್ಸ್‌ನ ಬಳಸುವಂಥ ನಕ್ಷೆಯೇ ಇರಲಿಲ್ಲ. ಎಲ್ಲೆಲ್ಲೋ ಕೂತಿದ್ದ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ಕೆಲವೇ ವಾರಗಳಲ್ಲಿ ನಗರದ ಬೀದಿಗಳನ್ನು ಬರೆದರು. ಅದೇ ವರ್ಷ ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಎಂಬ ಸಂಸ್ಥೆ ರೂಪುಗೊಂಡಿತು. ಹೈಟಿಯದು ದೊಡ್ಡ ಕಥೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಕಾಠ್ಮಂಡುವಿನ ವಿಶೇಷ ಏನೆಂದರೆ ಅಲ್ಲಿ ಕೆಲಸ ಭೂಕಂಪಕ್ಕೆ ಮೊದಲೇ ಶುರುವಾಗಿತ್ತು. 1934ರ ದೊಡ್ಡ ಭೂಕಂಪದ ನೆನಪು ಆ ಕಣಿವೆಗೆ ಇದೆ; ಇನ್ನೊಂದು ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. 2012ರಲ್ಲಿ ವಿಶ್ವಬ್ಯಾಂಕ್ ಬೆಂಬಲದ ಒಂದು ಯೋಜನೆ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಮುಕ್ತ ನಕ್ಷೆಯಲ್ಲಿ ದಾಖಲಿಸಲು ಹೊರಟಿತು. ಓಡಾಡಿದವರಲ್ಲಿ ಕಾಠ್ಮಂಡು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದ್ದರು. ಕಟ್ಟಡ ಯಾವುದು, ಎಷ್ಟು ಅಂತಸ್ತು, ಗೋಡೆ ಯಾತರದ್ದು, ಒಳಗೆ ಏನು ನಡೆಯುತ್ತದೆ, ಇದನ್ನೆಲ್ಲ ಕೇಳಿ ನೋಡಿ ಬರೆದರು. ಆ ತಂಡದಿಂದಲೇ 2013ರಲ್ಲಿ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸಂಸ್ಥೆ ಹುಟ್ಟಿತು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಆಯಿತು. ಮೇ 12ರಂದು ಇನ್ನೊಂದು, 7.3. ಸತ್ತವರು ಸುಮಾರು 9 ಸಾವಿರ ಜನ. ಜಗತ್ತಿನ ಸಾವಿರಾರು ಜನ ನೇಪಾಳದ ನಕ್ಷೆ ತಿದ್ದಲು ಕೂತಾಗ, ಅವರಿಗೆ ಏನು ಬೇಕು, ಯಾವ ಕಡೆ ಮೊದಲು ಎಂದು ಹೇಳಬಲ್ಲವರು ಕಾಠ್ಮಂಡುವಿನಲ್ಲೇ ಇದ್ದರು.

ಆ ಮೇ ತಿಂಗಳಲ್ಲಿ ನಾನೂ ಒಂದಷ್ಟು ವಿದ್ಯಾರ್ಥಿಗಳ ಜತೆ ಕೂತು ಗೆರೆ ಎಳೆದವನು. ವಿಧಾನ ಸರಳ. ದೊಡ್ಡ ಪ್ರದೇಶವನ್ನು ಚೌಕಗಳಾಗಿ ಒಡೆದಿರುತ್ತಾರೆ. ಒಬ್ಬರು ಒಂದು ಚೌಕ ತೆಗೆದುಕೊಳ್ಳಬೇಕು, ಉಪಗ್ರಹ ಚಿತ್ರದ ಮೇಲೆ ಕಾಣುವ ಮನೆಗಳ ಸುತ್ತ ಗೆರೆ ಎಳೆಯಬೇಕು, ದಾರಿಗಳನ್ನು ಬರೆಯಬೇಕು, ಮುಗಿಯಿತು ಅಂತ ಗುರುತು ಹಾಕಬೇಕು. ಅನುಭವಿ ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಹೇಳಲು ಸುಲಭ. ಗೋರ್ಖಾ, ಸಿಂಧುಪಾಲ್ಚೋಕ್ ಕಡೆಯ ಗುಡ್ಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಮಧ್ಯೆ ಎರಡೆರಡು ಮನೆ. ಪಟ್ಟಣದಲ್ಲಿ ಬೆಳೆದ ಹುಡುಗರು ಹುಲ್ಲಿನ ಬಣವೆಗೂ ಮನೆ ಅಂತ ಚೌಕ ಹಾಕಿಬಿಡುತ್ತಿದ್ದರು. ಬಣವೆ ನೋಡಿ ಬೆಳೆದ ಹಳ್ಳಿ ಹುಡುಗಿಯೊಬ್ಬಳು ನೆರಳಿನ ಆಕಾರ ನೋಡಿಯೇ ಅದನ್ನು ಹಿಡಿಯುತ್ತಿದ್ದಳು. ಕಾಲುದಾರಿಯನ್ನು ಗಾಡಿ ಹೋಗುವ ರಸ್ತೆ ಅಂತ ಬರೆದರೆ ಇನ್ನೂ ಕಷ್ಟ. ಅದನ್ನು ನಂಬಿ ಹೊರಟ ಲಾರಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಗುಡ್ಡಗಾಡಿನಲ್ಲಿ ಚಿತ್ರವೇ ಕೆಲವು ಮೀಟರ್ ಆಚೀಚೆ ಸರಿದಿರುತ್ತದೆ, ಅದನ್ನೂ ಹೊಂದಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಕೈಯಲ್ಲಿದ್ದದ್ದು ಹೆಸರಿಲ್ಲದ ಚೌಕಗಳು. ಆ ಊರಿನ ಹೆಸರೇನು, ಆ ಉದ್ದನೆಯ ಕಟ್ಟಡ ಶಾಲೆಯೋ ಕೋಳಿ ಫಾರಮ್ಮೋ, ನೀರು ಎಲ್ಲಿ ಸಿಗುತ್ತದೆ? ಮೇಲಿನಿಂದ ಕಾಣುವುದಿಲ್ಲ. ಕಣಿವೆಯೊಳಗೆ ಮಾತ್ರ ಅವೆಲ್ಲ ಇದ್ದವು, ಯಾಕಂದರೆ ಮೂರು ವರ್ಷ ಮೊದಲೇ ಅಲ್ಲಿನ ವಿದ್ಯಾರ್ಥಿಗಳು ಬೀದಿ ಬೀದಿ ಸುತ್ತಿದ್ದರು.

ನೀರಿನ ಮಾತು ಬಂತಲ್ಲ, ಕಾಠ್ಮಂಡು ಕಣಿವೆಯ ‘ಹಿಟಿ’ಗಳ ಬಗ್ಗೆ ಹೇಳಲೇಬೇಕು. ನೇವಾರಿಯಲ್ಲಿ ಹಿಟಿ, ನೇಪಾಳಿಯಲ್ಲಿ ಢುಂಗೆ ಧಾರಾ, ಅಂದರೆ ಕಲ್ಲಿನ ಧಾರೆ. ಬೀದಿಯ ಮಟ್ಟಕ್ಕಿಂತ ಕೆಳಗೆ ತೋಡಿದ ಕಲ್ಲುಕಟ್ಟಿನ ಹೊಂಡ, ಇಳಿಯಲು ಮೆಟ್ಟಿಲು, ಗೋಡೆಯಲ್ಲಿ ಮಕರಮುಖದ ಕೊಳವೆ, ಅದರಿಂದ ಸುರಿಯುವ ನೀರು. ನಮ್ಮ ಕಲ್ಯಾಣಿ ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ನೀರು ನಿಲ್ಲುವುದಿಲ್ಲ, ಹರಿಯುತ್ತದೆ. ಪಾಟನ್ನಿನ ಅರಮನೆ ಚೌಕದ ಮಂಗಾ ಹಿಟಿಯನ್ನು ಆರನೆಯ ಶತಮಾನದ್ದು ಎನ್ನುತ್ತಾರೆ. ಎಷ್ಟೋ ಹಿಟಿಗಳಲ್ಲಿ ಕಟ್ಟಿಸಿದವರ ಶಾಸನಗಳಿವೆ, ಲಿಚ್ಛವಿಗಳ ಕಾಲದವೂ ಇವೆ. ಇಂದಿಗೂ ಕೊಡ ಹಿಡಿದು ಜನ ಸಾಲುಗಟ್ಟುವ ಜಾಗಗಳು ಇವು. ಉಪಗ್ರಹ ಚಿತ್ರದಲ್ಲಿ ಹಿಟಿ ಹೇಗೆ ಕಾಣುತ್ತದೆ ಗೊತ್ತಾ? ಕಿಕ್ಕಿರಿದ ಮನೆಗಳ ನಡುವೆ ಒಂದು ಕಪ್ಪು ನೆರಳಾಗಿ. ಬೆಂಗಳೂರಿನಲ್ಲಿ ಕೂತವರು ಅದನ್ನು ಅಂಗಳ ಅಂತ ಬಿಟ್ಟುಬಿಡುತ್ತಾರೆ, ಅವರ ತಪ್ಪೂ ಅಲ್ಲ. ಬೀದಿಯಲ್ಲಿ ನಿಂತವರಿಗೆ ಮಾತ್ರ ಅದು ಹಿಟಿ, ಅದಕ್ಕೊಂದು ಹೆಸರು, ಅದರಲ್ಲಿ ಇನ್ನೂ ನೀರು ಬರುತ್ತದೋ ಬತ್ತಿದೆಯೋ ಎಂಬ ಸುದ್ದಿ.

(ನೇಪಾಳ ಅಂದಕೂಡಲೇ ನಮ್ಮಲ್ಲಿ ಹಲವರಿಗೆ ನಾನ್ಯದೇವ ನೆನಪಾಗುತ್ತಾನೆ. 1097ರಲ್ಲಿ ಮಿಥಿಲೆಯಲ್ಲಿ ಕರ್ಣಾಟ ವಂಶವನ್ನು ಸ್ಥಾಪಿಸಿದವನು. ರಾಜಧಾನಿಯಾಗಿದ್ದ ಸಿಮ್ರೌನ್‌ಗಢ ಈಗಿನ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಪಶುಪತಿನಾಥನ ಗುಡಿಯ ಭಟ್ಟರ ವಿಷಯವೂ ಓದುಗರಿಗೆ ಹೊಸದಲ್ಲ. ಶಾಸನಪ್ರಿಯರು ಅಲ್ಲಿಗೆ ಹೋದರೆ ಚಾಂಗು ನಾರಾಯಣದ ಗುಡ್ಡವನ್ನು ಮಾತ್ರ ತಪ್ಪಿಸಬೇಡಿ. ಕ್ರಿ.ಶ. 464ರ ಮಾನದೇವನ ಸ್ತಂಭಶಾಸನ ಅಲ್ಲಿದೆ. ಗಂಡ ತೀರಿಕೊಂಡಾಗ ಸಹಗಮನಕ್ಕೆ ಹೊರಟ ತಾಯಿ ರಾಜ್ಯವತಿಯನ್ನು ಮಗ ತಡೆದ ಸಂಗತಿ ಅದರಲ್ಲಿ ಬರುತ್ತದೆ.)

ದೂರದವನ ಗೆರೆ, ಸ್ಥಳದವನ ಹೆಸರು ಎಂಬ ಈ ಜೋಡಿ ಹೊಸದೇನಲ್ಲ. ನಮ್ಮ ಕ್ಷೇತ್ರದ ಆರಂಭವೇ ಹಾಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ನಕ್ಷೆ ಮಾಡಲು ಬಂದವನು ಕಾಲಿನ್ ಮೆಕೆಂಜಿ. ಅಳತೆ ಸರಪಳಿಯ ಜತೆಗೇ ಶಾಸನ, ಕೈಫಿಯತ್ತು, ನಾಣ್ಯ ಎಲ್ಲವನ್ನೂ ಸಂಗ್ರಹಿಸಿದ. ಅವನ ಸಂಗ್ರಹದಲ್ಲಿ 8 ಸಾವಿರಕ್ಕೂ ಹೆಚ್ಚು ಶಾಸನಗಳ ಪ್ರತಿಗಳಿದ್ದವು. ಆದರೆ ಅವನಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಊರೂರಿಗೆ ಹೋಗಿ ಕೇಳಿ ಬರೆದುಕೊಂಡವರು ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮಂದಿರು. ಹಳಗನ್ನಡ ಶಾಸನಗಳನ್ನು ಬಿಡಿಸಿದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಇದ್ದರು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಭಾವಚಿತ್ರ ನೋಡಿ: ಕೆಂಪು ಕೋಟಿನ ಸಾಹೇಬ ನಡುವೆ, ಸುತ್ತ ಮೂವರು ಭಾರತೀಯ ಸಹಾಯಕರು, ಹಿಂದೆ ದೂರದಲ್ಲಿ ಗೊಮ್ಮಟ. ಸಂಗ್ರಹಕ್ಕೆ ಉಳಿದದ್ದು ಮೆಕೆಂಜಿ ಹೆಸರು. ಬೋರಯ್ಯ 1803ರಲ್ಲೇ ತೀರಿಕೊಂಡರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟು ಕಡೆ ಇದೆ ಎಂದು ನೀವೇ ಹುಡುಕಿ.

ಈ ಹಿನ್ನೆಲೆ ಇಟ್ಟುಕೊಂಡೇ ನಾನು ‘ಜಾಗತಿಕ ಸೇವಾ ಕಲಿಕೆ’ ಎಂಬ ಮಾತನ್ನು ಕೇಳುತ್ತೇನೆ. ಸೇವಾ ಕಲಿಕೆ ಅಂದರೆ ಪಾಠದ ಭಾಗವಾಗಿಯೇ ಸಮಾಜಕ್ಕೆ ಬೇಕಾದ ಒಂದು ಕೆಲಸ ಮಾಡಿ, ಮಾಡಿದ್ದರ ಬಗ್ಗೆ ಯೋಚಿಸಿ, ಅದರಿಂದ ಕಲಿಯುವುದು. ನಮ್ಮಲ್ಲಿ 1969ರಲ್ಲಿ, ಗಾಂಧಿ ಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್ನೆಸ್ಸೆಸ್ ಇದಕ್ಕೆ ಹತ್ತಿರದ ನೆಂಟ. ಹತ್ತು ದಿನದ ಶಿಬಿರ, ಬೆಳಿಗ್ಗೆ ಶ್ರಮದಾನ, ಸಂಜೆ ಭಾಷಣ, ರಾತ್ರಿ ನಾಟಕ ಇವೆಲ್ಲ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಅದಕ್ಕೆ ‘ಜಾಗತಿಕ’ ಸೇರಿದಾಗ ಹಿಂದೆಲ್ಲ ವಿಮಾನ ಹತ್ತಬೇಕಿತ್ತು. ಮುಕ್ತ ನಕ್ಷೆ ಬಂದ ಮೇಲೆ ಬೇಡ. ಅಮೆರಿಕದ ಕೊಠಡಿಯಲ್ಲಿ ಕೂತು ಮೊಜಾಂಬಿಕ್ಕಿನ ಹಳ್ಳಿಯನ್ನು ಬರೆಯಬಹುದು. ಯೂತ್‌ಮ್ಯಾಪರ್ಸ್ ಎಂಬ ವಿದ್ಯಾರ್ಥಿ ಜಾಲವನ್ನು ಟೆಕ್ಸಾಸ್ ಟೆಕ್, ಜಾರ್ಜ್ ವಾಷಿಂಗ್ಟನ್, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಗಳ ಅಧ್ಯಾಪಕರು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಬೆಂಬಲದಿಂದ ಕಟ್ಟಿದರು. ಈಗ ಹತ್ತಾರು ದೇಶಗಳ ಕಾಲೇಜುಗಳಲ್ಲಿ ಅದರ ನೂರಾರು ಶಾಖೆಗಳಿವೆ. ಬೆಂಬಲ ಕೊಡುತ್ತಿದ್ದ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು. ಸರ್ಕಾರಿ ಅನುದಾನದ ಮೇಲೆ ನಿಂತ ಸೇವೆ ಎಷ್ಟು ಗಟ್ಟಿ ಎಂಬ ಪ್ರಶ್ನೆ ಅಲ್ಲಿದೆ, ಆದರೆ ಬರೆದ ನಕ್ಷೆ ಮುಕ್ತವಾಗಿರುವುದರಿಂದ ಅದನ್ನು ಯಾರೂ ಬೀಗ ಹಾಕಿ ಇಡಲಾರರು.

ನನಗೆ ಈ ಜಾಲದಲ್ಲಿ ಮೆಚ್ಚುಗೆಯಾದದ್ದು ಘಾನಾ, ಬಾಂಗ್ಲಾದೇಶ, ಕೀನ್ಯಾದಂಥ ಕಡೆಯ ಶಾಖೆಗಳು. ಅಲ್ಲಿನ ವಿದ್ಯಾರ್ಥಿ ತನ್ನ ದೇಶದ ನಕ್ಷೆಯನ್ನು ತಾನೇ ಬರೆಯುತ್ತಾನೆ, ದೂರದ ಕೊಠಡಿಯವರು ಅವನಿಗೆ ಸಹಾಯಕರಾಗುತ್ತಾರೆ. ಮೆಕೆಂಜಿ ಚಿತ್ರವನ್ನು ತಿರುಗಿಸಿ ನೋಡಿದ ಹಾಗೆ. ಟಾಂಜಾನಿಯದ ದಾರ್ ಎಸ್ ಸಲಾಮ್‌ನಲ್ಲಿ 2015ರಿಂದ ನಡೆದ ‘ರಮಾನಿ ಹುರಿಯಾ’ ಇನ್ನೂ ಚೆನ್ನಾಗಿದೆ. ಸ್ವಾಹಿಲಿಯಲ್ಲಿ ಹಾಗೆಂದರೆ ಮುಕ್ತ ನಕ್ಷೆ. ಮಳೆಗಾಲದಲ್ಲಿ ಮುಳುಗುವ ಬಡಾವಣೆಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿನ ನಿವಾಸಿಗಳ ಜತೆ ನಡೆದು ಚರಂಡಿಗಳನ್ನು ಬರೆದರು, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ ದಾಖಲಿಸಿದರು. ಚರಂಡಿಯ ಆಳ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.

ಮೆಚ್ಚುಗೆಯಾಗದ್ದನ್ನೂ ಹೇಳುತ್ತೇನೆ. ಒಂದು ಮಧ್ಯಾಹ್ನದಲ್ಲಿ ಎಷ್ಟು ಮನೆ ಬರೆದಿರಿ ಎಂದು ಎಣಿಸಿ ಪ್ರಮಾಣಪತ್ರ ಕೊಡುವ ಪದ್ಧತಿ. ಎಣಿಕೆ ಬಂದ ಕೂಡಲೇ ಬಣವೆಗಳೆಲ್ಲ ಮನೆಯಾಗುತ್ತವೆ. ಅದನ್ನು ತಿದ್ದುವ ಕೆಲಸ ಆ ಊರಿನ ನಾಲ್ಕು ಜನರ ತಲೆಗೆ ಬರುತ್ತದೆ. ಇದರಲ್ಲಿ ಕಲಿಕೆ ಒಬ್ಬರದ್ದು, ಸೇವೆ ಮಾಡುವವರು ಇನ್ನೊಬ್ಬರು!

ಈಗ ನಮ್ಮೂರಿಗೆ. ಕುರ್ಚಿಯಲ್ಲಿ ಕೂತು ಆಗುವ ಕೆಲಸ ನಮ್ಮಲ್ಲೂ ಸಾಕಷ್ಟಿದೆ. ಎಪಿಗ್ರಾಫಿಯಾ ಕರ್ನಾಟಿಕದ ಒಂದು ತಾಲ್ಲೂಕಿನ ಊರುಗಳ ಪಟ್ಟಿ ತೆಗೆದು, ಒಂದೊಂದೂ ಮುಕ್ತ ನಕ್ಷೆಯಲ್ಲಿ ಇದೆಯೇ, ಕನ್ನಡದ ಹೆಸರು ಇದೆಯೇ, ಕಾಗುಣಿತ ಸರಿಯೇ ಎಂದು ನೋಡುವುದು. ಕೆರೆಗಳ ಗಡಿ ಬರೆಯುವುದು. ಆದರೆ ಕೆರೆಯ ಹೆಸರು? ದಾನಶಾಸನದ ಸೀಮಾ ವಿವರಣೆ ನೆನಪಿಸಿಕೊಳ್ಳಿ: ಮೂಡಲು ಇಂಥ ಹುಣಿಸೆ, ತೆಂಕಲು ಇಂಥ ಕಟ್ಟೆ, ಹುತ್ತ, ಹಳ್ಳ, ನಟ್ಟ ಕಲ್ಲು. ಹುಣಿಸೆ, ಹುತ್ತ ಹೋಗಿರುತ್ತವೆ. ಕಟ್ಟೆ, ಹಳ್ಳ, ತೋಪುಗಳ ಹೆಸರು ಮಾತ್ರ ಊರಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅದು ನಕ್ಷೆಗೆ ಬಂದರೆ ಸಾವಿರ ವರ್ಷದ ಹಿಂದಿನ ಗಡಿಯನ್ನು ಹೊಲದ ಮೇಲೆ ಮತ್ತೆ ಎಳೆಯುವ ಸಾಧ್ಯತೆ ಉಂಟು. ಬಾರದಿದ್ದರೆ ಮುಂದಿನ ತಲೆಮಾರಿಗೆ ಅದು ‘ಲೇಕ್’, ಅಷ್ಟೇ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ಯೋಜನೆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ನಿಮಗೆ ಗೊತ್ತು. ಕಲ್ಲಿನ ಮೇಲ್ಮೈ ಅಲ್ಲಿ ಉಳಿಯುತ್ತದೆ. ಕಲ್ಲಿನ ಸುತ್ತಲಿನ ಊರನ್ನು ಉಳಿಸುವ ಕೆಲಸಕ್ಕೆ ವಿದ್ಯಾರ್ಥಿಗಳು ಬೇಕು, ಅದೂ ಅದೇ ತಾಲ್ಲೂಕಿನವರಾದರೆ ಒಳ್ಳೆಯದು.

ಜಾಗವನ್ನು ಬಹಿರಂಗ ಮಾಡಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಯ ನಿಜ. ವೀರಗಲ್ಲು ಕಿತ್ತು, ಲಿಂಗದ ಕೆಳಗೆ ಅಗೆದ ಗುಂಡಿಗಳನ್ನು ನಾವೆಲ್ಲ ನೋಡಿದ್ದೇವೆ. ನನ್ನ ಅಭಿಪ್ರಾಯ ಹೀಗಿದೆ: ಊರೊಳಗಿನ, ಗುಡಿಯ ಆವರಣದ, ನಗರದ ಕಲ್ಲುಗಳನ್ನು ಕರಾರುವಾಕ್ಕಾಗಿ ಹಾಕಿ, ಅಲ್ಲಿ ಅಪಾಯ ಜೆಸಿಬಿಯದು, ಕಲ್ಲು ಇಲ್ಲಿದೆ ಅಂತ ಯಾರಿಗಾದರೂ ಗೊತ್ತಿದ್ದರೆ ಉಳಿಯುತ್ತದೆ. ಕಾಡಿನ, ನಿರ್ಜನ ಗುಡ್ಡದ ಕಲ್ಲುಗಳನ್ನು ಮುಕ್ತ ನಕ್ಷೆಗೆ ಹಾಕಬೇಡಿ, ಊರಿನ ಮಟ್ಟದಲ್ಲಿ ಬರೆದು ನಿಖರ ಜಾಗವನ್ನು ಪುರಾತತ್ತ್ವ ಇಲಾಖೆಗೆ ತಿಳಿಸಿ. ಊರಿನವರಿಗೆ ಇಷ್ಟವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಕೆಲಸ ಶುರು ಮಾಡುವ ಅಧ್ಯಾಪಕರಿಗೆ ಒಂದೆರಡು ಸೂಚನೆ. ಗೂಗಲ್ ನಕ್ಷೆಯಿಂದ ಅಕ್ಷಾಂಶ ರೇಖಾಂಶ ನಕಲು ಮಾಡಿ ಹಾಕುವ ಹಾಗಿಲ್ಲ, ಪರವಾನಗಿ ಒಪ್ಪುವುದಿಲ್ಲ. ಕಲ್ಲಿನ ಪಕ್ಕ ನಿಂತು ನಿಮ್ಮ ಮೊಬೈಲಿನಲ್ಲೇ ತೆಗೆದುಕೊಳ್ಳಿ. ದಶಾಂಶದ ಐದನೆಯ ಅಂಕಿ ಸುಮಾರು ಒಂದು ಮೀಟರಿಗೆ ಸಮ, ಅದರಾಚೆಯ ಅಂಕಿಗಳನ್ನು ಮೊಬೈಲು ತೋರಿಸಿದರೂ ನಂಬಬೇಡಿ, ಮರದ ಕೆಳಗಂತೂ ಐದನೆಯದನ್ನೂ ನಂಬಬೇಡಿ. ‘ಇನ್‌ಸ್ಕ್ರಿಪ್ಷನ್’ ಎಂಬ ಟ್ಯಾಗಿನಲ್ಲಿ ಪಾಠ ಬರೆಯಲು ಅವಕಾಶವಿದೆ, ಆದರೆ ಜಾಗ ಚಿಕ್ಕದು. ಮೊದಲ ಸಾಲು ಬರೆದು, ಸಂಪುಟ ಮತ್ತು ಶಾಸನ ಸಂಖ್ಯೆಯನ್ನು ಬೇರೆ ಟ್ಯಾಗಿನಲ್ಲಿ ಕೊಡಿ. ಇನ್ನೊಂದು ಮುಖ್ಯ ನಿಯಮ: ಓಪನ್‌ಸ್ಟ್ರೀಟ್‌ಮ್ಯಾಪ್ ಈಗ ನೆಲದ ಮೇಲೆ ಇರುವುದನ್ನು ಮಾತ್ರ ಒಪ್ಪುತ್ತದೆ. ಕಳೆದುಹೋದ ಕಲ್ಲುಗಳಿಗೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಬೇರೆ ನಕ್ಷೆ ಇದೆ, ವಿಕಿಡೇಟಾ ಕೂಡ ಆಗುತ್ತದೆ. ಹೊಲದಿಂದ ಎತ್ತಿ ಗುಡಿಯ ಮುಂದೆ ತಂದು ನಿಲ್ಲಿಸಿದ ಕಲ್ಲಾದರೆ ಈಗಿನ ಜಾಗವನ್ನು ಬಿಂದುವಾಗಿ ಹಾಕಿ, ಮೊದಲಿನ ಜಾಗವನ್ನು ಟಿಪ್ಪಣಿಯಲ್ಲಿ ಬರೆಯಿರಿ. ಆ ಜಾಗ ತೋರಿಸಿದವರು ಒಪ್ಪಿದರೆ ಅವರ ಹೆಸರನ್ನು ನಿಮ್ಮ ಕ್ಷೇತ್ರಕಾರ್ಯದ ವರದಿಯಲ್ಲಿ ಸೇರಿಸಿ.